ಮೂರನೆಯ ರೊಟ್ಟಿ

ಸಪ್ತಾಪುರ ಬಾವಿಯ ಹತ್ತಿರ, ಝೆರಾಕ್ಸ್ ಅಂಗಡಿಯ ಮೇಲೆ,
ತಗಡಿನ ಕೋಣೆಯಲ್ಲಿ ಹಂಚಿನಮನಿ ಸರ್ ಕೇಳುತ್ತಾರೆ:
'ಕೆಳಗಿನ ಯಾವ ಹೇಳಿಕೆ, ನಿಜವೆಂದಾದರೆ,
ಈ ಊಹೆಗೆ ಹೆಚ್ಚು ಬಲ ಕೊಡುತ್ತದೆ?'

ಬಲ, ಅಷ್ಟೇ. ಸಾಬೀತಲ್ಲ.
ಅಲುಗುವ ಏಣಿಯ ಬುಡಕ್ಕೆ ಒಂದು ಹೆಂಚಿನ ಚೂರು.
'ನಿಜ ಏನು ಅಂತ ಹುಡಕಾಕ ಹೋಗಬ್ಯಾಡ್ರಿ,
ಅದು ಕೋರ್ಟಿನ ಕೆಲಸ. ನಮ್ಮದು ಒಂದು ಮಾರ್ಕಿಂದು.'
ತಪ್ಪಿದರೆ ಕಾಲು ಹೋಗುತ್ತದೆ.

ನನ್ನದೂ ಒಂದು ಊಹೆ ಇದೆ,
ಯಾವ ಗೈಡಿನಲ್ಲೂ ಅಚ್ಚಾಗದ್ದು.

ಸಾವಂತ್ರೆವ್ವನ ಖಾನಾವಳಿಯಲ್ಲಿ ತಾಟಿಗೆ ಎರಡೇ ರೊಟ್ಟಿ.
ಮೇಲೆ ಬೇಕಾದರೆ ಹತ್ತು ರೂಪಾಯಿ,
ಸುಣ್ಣದ ಗೋಡೆಯ ಮೇಲೆ ಮಗನ ಕೈಯಿಂದ
ಇದ್ದಿಲಲ್ಲಿ ಬರೆಸಿಟ್ಟಿದ್ದಾಳೆ.
ನಪಾಸಾದವರ ತಾಟಿಗೆ ಮಾತ್ರ
ಕೇಳದೆ, ಬರೆದಿಡದೆ, ಮೂರನೆಯದು ಬೀಳುತ್ತದೆ.

ಪಿಎಸ್‌ಐ ಪಟ್ಟಿ ಬಂದ ರಾತ್ರಿ
ಮೂಲೆಯ ಮೇಜಿನ ನಾಲ್ವರಿಗೂ ಮೂರು.
ಎಫ್‌ಡಿಎ ಕಟಾಫ್ ಬಂದ ದಿನ ನನ್ನ ಕೋಣೆಯ ಶಮೀಮಳಿಗೆ ಮೂರು,
ಪಕ್ಕದಲ್ಲಿ ಗುರೆಳ್ಳು ಚಟ್ನಿಯ ಗುಡ್ಡ.
ಆ ಪರೀಕ್ಷೆಯನ್ನೇ ಬರೆಯದ ನನಗೆ ಎರಡು.

'ಅವತ್ತ ಮಂದಿ ಕಡಿಮಿ ಇದ್ರು, ರೊಟ್ಟಿ ಉಳದಿದ್ವು'
ಎಂದಳು ಶಮೀಮ್, ತರಗತಿಯಲ್ಲಿ ನನಗಿಂತ ಚುರುಕು.
ಕಾದೆ. ಮೆಟ್ಟಿಲ ತನಕ ಸಾಲು ನಿಂತ ರಾತ್ರಿಯೂ,
ಹಿಟ್ಟು ಮುಗಿದು ಪಕ್ಕದ ಮನೆಯಿಂದ ಸೇರು ಕಡ ತಂದ ರಾತ್ರಿಯೂ
ಸೋತವರಿಗೆ ಮೂರು.
'ಹಂಗಾರ ಸೊರಗಿದ ಮಾರಿ ನೋಡಿ ಹಾಕ್ತಾಳ.'
ದವಡೆ ಹಲ್ಲು ಕೀಳಿಸಿಕೊಂಡು ಬಂದ ಹಾವೇರಿಯ ಹುಡುಗ
ಕಣ್ಣಲ್ಲಿ ನೀರು ತುಂಬಿಕೊಂಡೇ ಕುಳಿತಿದ್ದ. ಎರಡು.

ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದಿದ್ದೆ,
ಆಗ ಫಕೀರೇಶ ಪಾಸಾದ.
ಇಡೀ ಓಣಿಗೆ ಪೇಢೆ ಹಂಚಿದ, ಝೆರಾಕ್ಸಿನವನಿಗೂ.
ರಾತ್ರಿ ಅವನ ತಾಟು ನೋಡಿದೆ:
ಮೂರು.

ಅಲ್ಲಿಗೆ ಮುಗಿಯಿತು.
ಟಿಪ್ಪಣಿ ಹಾಳೆ ಹರಿದು ಪೇಢೆಯ ಜಿಡ್ಡು ಒರೆಸಿದೆ.

ಯುಗಾದಿ ಕಳೆದು, ಬೆಟಗೇರಿಯ ಸೀರೆ ಅಂಗಡಿಯಲ್ಲಿ
ಮಡಿಕೆ ಹಾಕುತ್ತ ನಿಂತಿದ್ದ ಫಕೀರೇಶ.
ನಾನು ಕೇಳಲಿಲ್ಲ, ಅವನೇ ಹೇಳಿದ:
'ಪಟ್ಟ್ಯಾಗಿನ ಫಕೀರೇಶ ಬ್ಯಾರೆ. ಇನಿಶಿಯಲ್ ಬ್ಯಾರೆ.
ಪೇಢೆ ಹಂಚಿದ ಮ್ಯಾಲೆ ನೋಡಿದೆ.
ಯಾರಿಗೂ ಹೇಳಲಿಲ್ಲ.'

ಯಾರಿಗೂ.
ಅಕ್ಷರ ಬಾರದ ಸಾವಂತ್ರೆವ್ವನಿಗೂ.

ಇದಕ್ಕಿಂತ ದೊಡ್ಡ ಬಲ ಯಾವ ಊಹೆಗೆ ಸಿಕ್ಕೀತು?
ಹಂಚಿನಮನಿ ಸರ್ ಇದ್ದಿದ್ದರೆ ಬೋರ್ಡಿಗೆ ಬಡಿಯುತ್ತಿದ್ದರು.
ನಾನು ಆ ಬಲವನ್ನು ಎಲ್ಲಿಡಬೇಕೋ ತಿಳಿಯದೆ
ಬೇಡದ ಒಂದು ಸೀರೆಯ ದರ ಕೇಳಿದೆ.
ಅವನು ಬಿಚ್ಚಿ ತೋರಿಸಿದ, ಸೆರಗಿನ ತನಕ.

ಇಂದು ನನ್ನ ಪಟ್ಟಿ. ಒಂಬತ್ತಕ್ಕೆ ಎಂದಿದ್ದಾರೆ.
ಈಗ ಎಂಟು ನಲವತ್ತು.
ಬದನೆಕಾಯಿ ಪಲ್ಯ, ಜುಣಕ, ಹಸಿ ಉಳ್ಳಾಗಡ್ಡಿ.
ಬುಟ್ಟಿ ಹಿಡಿದು ಬಂದಳು. ಒಂದು. ಎರಡು.
ಮುಂದಿನ ತಾಟಿಗೆ ಹೋದಳು.
ಉಸಿರು ಬಿಟ್ಟೆ.
ತಿರುಗಿ ಬಂದಳು.

'ಪಟ್ಟಿನ ಬಂದಿಲ್ಲ ಇನ್ನ,' ಶಮೀಮ್ ಪಿಸುಗುಟ್ಟಿದಳು,
'ಕಾರಣಕ್ಕಿಂತ ಮೊದಲ ಪರಿಣಾಮ ಬರಂಗಿಲ್ಲ. ಮೊದಲನೇ ಪಾಠ ಅದು.'
ಅವಳ ಕೈ ನನ್ನ ಮೊಣಕಾಲ ಮೇಲಿತ್ತು.

'ಯಾಕ ಅವ್ವಾ, ಮೂರು?'
'ಅದು ಸಣ್ಣದ ಬಂದೈತಿ. ಅದಕ್ಕ.'
ಮುಖ ನೋಡದೆ ಹೇಳಿ ಒಲೆಯ ಕಡೆ ನಡೆದಳು.

ಇರಬಹುದು. ಹಿಟ್ಟಿನ ಉಂಡೆ ಒಮ್ಮೊಮ್ಮೆ ಕಡಿಮೆಯಾಗುತ್ತದೆ.
ಈ ಹೇಳಿಕೆ ನಿಜವೆಂದಾದರೆ
ನನ್ನ ಊಹೆ ಬೀಳುತ್ತದೆ, ನಾನು ಉಳಿಯುತ್ತೇನೆ.

ಮೂರನೆಯದನ್ನು ಎತ್ತಿ
ಎರಡರ ಮೇಲೆ ಇಟ್ಟು ನೋಡಿದೆ.

ಅಂಚಿಗೆ ಅಂಚು ಕೂಡಿತು.