ಕಣ್ಣಿಗೆ ಎಣ್ಣೆ

ಬೆಳಗಿನ ಆರಕ್ಕೆ, ಬೆಲ್ಟು ಹೊರಳುವ ಮುಂಚೆ,
ಬೆಲ್ಮಿರೊ ಡ್ರಾಯರಿನಿಂದ ಬಿಳಿ ಬಿಲ್ಲೆಯೊಂದನ್ನು ತೆಗೆದು
ಯಂತ್ರದ ಕಣ್ಣಿನ ಕೆಳಗಿಡುತ್ತಾನೆ:
ನೋಡು, ಇದು ಬಿಳಿ.
ಆಮೇಲೆ ಮುಚ್ಚಳ ಎಳೆದು: ಇದು ಕತ್ತಲೆ.
ಇವತ್ತು ಬರುವುದೆಲ್ಲ ಇವೆರಡರ ನಡುವೆ.
ಕೂಸಿಗೆ ತಿದ್ದಿಸಿದ ಹಾಗೆ, ದಿನಾ,
ರಾತ್ರಿ ಕಳೆದರೆ ಮರೆತುಬಿಡುವ ಕೂಸು ಅದು.

ಸೆತೂಬಲ್ ಬಂದರು, ಆಚೆ ಉಪ್ಪಿನ ಗದ್ದೆ, ಅದರಾಚೆ ಈ ಶೆಡ್ಡು.
ಊರು ಕುಡಿದು ಬಿಸುಟ ಪ್ಲಾಸ್ಟಿಕ್ಕೆಲ್ಲ ಇಲ್ಲಿ
ಸೆಕೆಂಡಿಗೆ ಮೂರು ಮೀಟರಿನಂತೆ ಓಡುತ್ತದೆ.
ಮೇಲಿಂದ ಹ್ಯಾಲೊಜನ್ ದೀಪ ಸುರಿಯುತ್ತದೆ.
ಕೆಂಪಿನಾಚೆ, ನಮಗೆ ಕಾಣದ ಬೆಳಕಿನಲ್ಲಿ
ಪ್ರತಿ ಡಬ್ಬಿಯೂ ತನ್ನ ಪಾಲು ನುಂಗಿ
ಉಳಿದದ್ದನ್ನು ಹಿಂದಿರುಗಿಸುತ್ತದೆ.
ನುಂಗಿದ್ದೇ ಗುರುತು.
ಫಟ್ಟೆಂದು ಗಾಳಿ ಊದಿ
ಅವರವರನ್ನು ಅವರವರ ಗುಂಡಿಗೆ.

ಮೂರು ವಾರದಿಂದ ಹಾಲಿನ ಡಬ್ಬಿಗಳು ಮಾತ್ರ
ಯಾರೂ ಅಲ್ಲದವರಂತೆ ಕಸಕ್ಕೆ ಹೋಗುತ್ತಿದ್ದವು.
ದೀಪ ಬದಲಾಯಿಸಿದರು. ಗಾಜು ಒರೆಸಿದರು.
ಲಿಸ್ಬನ್ನಿಂದ ಒಬ್ಬ ಬಂದು, ಎರಡು ದಿನ ಗ್ರಾಫು ನೋಡಿ,
ಪ್ರೋಗ್ರಾಂ ಹೊಸದು ಹಾಕಿ, ಬಿಲ್ಲು ಬರೆದು ಹೋದ.
ಆ ಒಬ್ಬ ನಾನು.
ಮತ್ತೆ ಕರೆಸಿದರು.

ಬೆಲ್ಟಿನ ಕೊನೆಗೆ ಕುಸ್ತೋದಿಯ, ಇಪ್ಪತ್ತು ವರ್ಷದಿಂದ.
ಮಾಂಸದಂಗಡಿಯ ಕರಿ ತಟ್ಟೆಗಳು ಅವಳ ಪಾಲು:
ಮಸಿ ಬೆರೆಸಿದ ಆ ಕಪ್ಪು ಏನನ್ನೂ ಹಿಂದಿರುಗಿಸುವುದಿಲ್ಲ,
ಯಂತ್ರಕ್ಕೆ ಅದು ಬರೀ ಬೆಲ್ಟು.
ಅವಳು ಕೈ ಚಾಚಿ ಎತ್ತಿ ಎಸೆಯುತ್ತಾಳೆ, ನೋಡದೆಯೇ.
ಊಟದ ಹೊತ್ತಿಗೆ ಬಂದು ಕೇಳಿದಳು:
'ಅದಕ್ಕೆ ಬಿಳಿ ಅಂತ ತೋರಿಸ್ತೀರಲ್ಲ,
ಆ ಬಿಲ್ಲೆಯನ್ನ ಯಾರಿಗಾದರೂ ತೋರಿಸಿದ್ದೀರಾ?'

ಕಿಟಕಿಗೆ ಹಿಡಿದೆ. ಬಿಳಿಯೇ.
ಓರೆಯಾಗಿ ಹಿಡಿದೆ. ಬಿಳಿಯೇ.
ಅವಳು ಇಸಿದುಕೊಂಡು ಮೂಸಿದಳು:
'ಸಾರ್ಡೀನು.'
ಅವಳ ತಾಯಿ ಮೀನಿನ ಡಬ್ಬಿ ಕಾರ್ಖಾನೆಯವಳು.

ಅದೇ ಡ್ರಾಯರಿನಲ್ಲಿ ಬೆಲ್ಮಿರೊನ ಬುತ್ತಿ,
ಬಾಯಿ ತೆರೆದ ಮೀನಿನ ಡಬ್ಬಿ, ಒಂದಿಷ್ಟು ಎಣ್ಣೆ.
ಎಣ್ಣೆಗೂ ಹಾಲಿನ ಡಬ್ಬಿಗೂ ಹತ್ತಿರದ ನೆಂಟು,
ಇಂಗಾಲ ಹೈಡ್ರೋಜನ್ನು ಕೈ ಹಿಡಿದು
ಇಬ್ಬರೂ ನುಂಗುವುದು ಒಂದೇ ಬೆಳಕನ್ನು.
ಇಷ್ಟು ಕಡಿಮೆಯಾದರೂ ಅದು ಬಿಳಿಯೇ
ಎಂದು ದಿನಾ ಬೆಳಗ್ಗೆ ಕಲಿಸಿದ್ದೆವು.
ಕಲಿಸಿದ್ದನ್ನು ಕಲಿತಿತ್ತು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು
ಎಂಬ ಮಾತುಂಟು ನನ್ನ ನುಡಿಯಲ್ಲಿ.
ಬೆಲ್ಮಿರೊಗೆ ಹೇಳಹೊರಟು ನಕ್ಕು ಸುಮ್ಮನಾದೆ.
ಹತ್ತಿಗೆ ಸ್ಪಿರಿಟ್ಟು ಹಾಕಿ ಬಿಲ್ಲೆ ಒರೆಸಿದೆವು.
ಹಾಲಿನ ಡಬ್ಬಿಗಳು ಹಾರಿದವು.
ಕರಿ ತಟ್ಟೆಗಳು ಎಂದಿನಂತೆ ಕುಸ್ತೋದಿಯಳ ಕೈಗೆ.

ವರದಿಯಲ್ಲಿ ಕಾರಣ ಎಂಬ ಕಾಲಮ್ಮಿತ್ತು, ಪರಿಹಾರ ಎಂಬುದಿತ್ತು.
ಮೂಗಿಗೆ ಜಾಗವಿರಲಿಲ್ಲ.

ಬೆಲ್ಮಿರೊ ಬುತ್ತಿಯನ್ನು ಪಕ್ಕದ ಡ್ರಾಯರಿಗೆ ಸರಿಸಿದ,
ನನ್ನ ಹಳೆಯ ಬಿಲ್ಲಿನ ಮೇಲೆ.
ಸಂಜೆಗೆ ಕಾಗದದಲ್ಲೊಂದು ದುಂಡು ಕಲೆ.
ಎತ್ತಿ ಹಿಡಿದರೆ ಅಲ್ಲಿ ಮಾತ್ರ
ಬೆಳಕು ದಾಟಿ ಬರುತ್ತಿತ್ತು.