ಒತ್ತಡದ ಮುಳ್ಳು

ಬೆಳಗಿನ ಐದೂ ಕಾಲಿಗೆ ಯಶವಂತಪುರ ಡಿಪೊದಲ್ಲಿ
ಕೀಲಿ ತಿರುವಿದರೆ ಬಸ್ಸು ಕೂಡಲೇ ಹೊರಡುವುದಿಲ್ಲ.
ಗಾಳಿ ತುಂಬಬೇಕು. ಸ್ಟೇರಿಂಗಿನ ಮುಂದಿನ ಮುಳ್ಳು
ಕೆಂಪು ದಾಟಿ ಹಸಿರಿಗೆ ಬರುವವರೆಗೆ
ಬ್ರೇಕು ಬಿಡುವುದಿಲ್ಲ.
ಅದಕ್ಕೆ ಒತ್ತಡ ಬೇಕು, ನನಗೆ ಬೇಡ.
ಇಪ್ಪತ್ತೆರಡು ವರ್ಷ ಈ ತಮಾಷೆ ಹೊಳೆದೇ ಇರಲಿಲ್ಲ.

ಹೊಳೆದದ್ದು ತಪಾಸಣೆಯ ದಿನ.
ತೋಳಿಗೆ ಪಟ್ಟಿ ಸುತ್ತಿ ಡಾಕ್ಟರ್ ಫರ್ಹಾನಾ
ಗಾಳಿ ಹೊಡೆದರು, ಬಿಟ್ಟರು, ಮತ್ತೆ ಹೊಡೆದರು.
"ನೂರ ಎಪ್ಪತ್ತು. ಕೆಳಗಿನದು ನೂರ ನಾಲ್ಕು.
ತಲೆ ನೋಯಲ್ವಾ ನಿಮಗೆ?"
ಕಾರ್ಪೊರೇಷನ್ ಸರ್ಕಲ್ಲಿನಲ್ಲಿ ಯಾರಿಗೆ ನೋಯಲ್ಲ ಮೇಡಂ?

ಎರಡು ಮಾತ್ರೆ. ಒಂದು ಬಿಳಿ, ಒಂದು ಗುಲಾಬಿ.
ಬಿಳಿಯದು ಮೈಯ ನೀರೆಲ್ಲ ಇಳಿಸುವಂಥದ್ದು.
ಅದನ್ನು ಕಂಡುಹಿಡಿದ ಪುಣ್ಯಾತ್ಮ
ಮೈಸೂರು ಬ್ಯಾಂಕ್ ಸಿಗ್ನಲ್ಲಿನಲ್ಲಿ
ಅರವತ್ತು ಜನರನ್ನು ಬೆನ್ನಿಗೆ ಕಟ್ಟಿಕೊಂಡು
ತೊಡೆ ಬಿಗಿಹಿಡಿದು ಕೂತವನಲ್ಲ.
ರಜೆಯ ದಿನ ಮಾತ್ರ ನುಂಗುತ್ತಿದ್ದೆ.
ಗುಲಾಬಿಯ ಮೇಲೆ ಮಾವಿನ ಮಿಡಿ, ಕ್ಯಾಂಟೀನಿನ ಬೋಂಡ,
ಬೈಕಿನವನು ಅಡ್ಡ ಬಂದರೆ ಅವನ ಮೂರು ತಲೆಮಾರು.

ನಾನು ಸುಳ್ಳು ಹೇಳಿದೆ. ಮುಳ್ಳು ಹೇಳಲಿಲ್ಲ.
ಡಾಕ್ಟರು ಬೈಯಲಿಲ್ಲ. ಬಿಳಿಯದನ್ನು ಬದಲಿಸಿದರು.
"ಇನ್ನೊಂದು ಔಷಧಿ ಇದೆ,
ಅದು ಅಂಗಡೀಲಿ ಸಿಗಲ್ಲ" ಅಂದರು.

ಜಯಶೀಲ ಉಪ್ಪಿನ ಡಬ್ಬಿಯನ್ನು
ದೇವರ ಗೂಡಿನ ಹಿಂದೆ ಬಚ್ಚಿಟ್ಟಳು.
ಮೊದಲ ವಾರ ಸಾರು ಸಾರೇ ಅಲ್ಲ, ಪಾತ್ರೆ ತೊಳೆದ ನೀರು.
ಉಪ್ಪು ತಿಂದವನು ನೀರು ಕುಡಿಯಬೇಕಂತೆ,
ತಿನ್ನದವನು ಏನೇ ಕುಡಿಯಬೇಕು?
"ನಿಂಬೆಹಣ್ಣು ಹಿಂಡ್ಕೊಳ್ಳಿ" ಅಂದಳು, ತಲೆಯೆತ್ತದೆ.
ಮೂರನೆಯ ತಿಂಗಳು
ಹೀರೆಕಾಯಿಗೆ ತನ್ನದೇ ಒಂದು ಸಿಹಿಯಿದೆ ಎಂದು ತಿಳಿಯಿತು.
ಐವತ್ತೊಂದನೆಯ ವಯಸ್ಸಿನಲ್ಲಿ.

ದಿನಕ್ಕೆ ನೂರ ನಲವತ್ತು ಕಿಲೋಮೀಟರು ಓಡಿಸಿದವನು
ಮತ್ತಿಕೆರೆಯ ಮನೆಯಿಂದ ಡಿಪೊಗೆ ನಡೆದರೆ ಏದುಸಿರು.
ಗೋಕುಲದ ನಾಯಿಗಳು ಮೊದಮೊದಲು ಅಟ್ಟಿಸಿಕೊಂಡು ಬಂದವು,
ಆಮೇಲೆ ಜೊತೆಗೇ ಬಂದವು,
ಈಗ ಮಲಗಿದಲ್ಲೇ ಬಾಲ ಒಂದು ಸಲ ಬಡಿಯುತ್ತವೆ.
ರಾತ್ರಿ ಹತ್ತಕ್ಕೆ ನಿದ್ದೆ. ಕ್ವಾರ್ಟರು ಬಿಟ್ಟೆ,
ಅದರ ಬಗ್ಗೆ ಹೆಚ್ಚು ಬರೆಯಲಾರೆ.
"ಏನ್ ಗುರು, ಹಾರನ್ ಕೆಟ್ಟಿದೆಯಾ?" ಅಂದ ಕಂಡಕ್ಟರ್ ಬೋರಲಿಂಗ.
ಹಾರನ್ ನೆಟ್ಟಗಿತ್ತು.

ಹನ್ನೊಂದು ತಿಂಗಳಿಗೆ ಒಂದು ಮಾತ್ರೆ ಹೋಯಿತು.
ಉಳಿದದ್ದನ್ನು ಬ್ಲೇಡಿನಲ್ಲಿ ಸೀಳಿ ಅರ್ಧ.
ಯುಗಾದಿಯ ಮಾರನೆಯ ವಾರ ಅದೂ ಬೇಡ ಅಂದರು.
"ಗೆದ್ದೆ ಅಂತ ಲಾಡು ಹಂಚಬೇಡಿ. ವಾರವಾರ ನೋಡಿಸಿ.
ಏರಿದರೆ ಮತ್ತೆ ಶುರು. ಅದರಲ್ಲಿ ಸೋಲೇನಿಲ್ಲ."

ಲಾಡು ಹಂಚಲಿಲ್ಲ. ಮಾತು ಹಂಚಿದೆ.
ಡಿಪೊದ ಚಹಾದಂಗಡಿಯ ಮುಂದೆ ನಿಂತು, ಎದೆ ಉಬ್ಬಿಸಿ,
ಮಾತ್ರೆಯೆಲ್ಲ ಮೋಸ ಕಣ್ರೋ, ನಡೀರಿ ಸಾಕು, ಅಂದೆ.
ಬೋರಲಿಂಗನೂ ನಿಂತಿದ್ದ.
ಅವನು ಡಾಕ್ಟರನ್ನು ಕೇಳಲಿಲ್ಲ. ನನ್ನನ್ನು ಕೇಳಿದ್ದ.

ಲಾಲ್‌ಬಾಗ್ ಪಶ್ಚಿಮ ದ್ವಾರದ ಸ್ಟಾಪಿನಲ್ಲಿ
ಹಿಂದಿನಿಂದ ಸೀಟಿ ಬರಲಿಲ್ಲ. ಕನ್ನಡಿಯಲ್ಲಿ ನೋಡಿದೆ.
ಕಂಬ ಹಿಡಿದ ಕೈ ಜಾರುತ್ತಿತ್ತು,
ಚಿಲ್ಲರೆಯೆಲ್ಲ ಮೆಟ್ಟಿಲ ಕಡೆ ಉರುಳುತ್ತಿತ್ತು.

ಬದುಕಿದ. ಬಾಯಿ ಎಡಕ್ಕೆ ಕೊಂಚ ವಾಲಿದೆ.
ಡಿಪೊದ ಗೇಟಿನಲ್ಲಿ ಕೂತು ಬಸ್ಸಿನ ನಂಬರು ಬರೆಯುತ್ತಾನೆ.
ನನ್ನನ್ನು ದೂರುವುದಿಲ್ಲ. ದೂರಿದ್ದರೆ ಚೆನ್ನಿತ್ತು.
ಅವನ ಗುಲಾಬಿ ಮಾತ್ರೆಯ ಪಟ್ಟಿ ನನ್ನ ಜೇಬಿನಲ್ಲಿರುತ್ತದೆ,
ಬೆಳಗ್ಗೆ ಒಂದನ್ನು ಅಂಗೈಗೆ ಹಾಕಿ
ನುಂಗುವವರೆಗೆ ನಿಲ್ಲುತ್ತೇನೆ.
"ಈಗ ಹೋಗೋ, ಟೈಮಾಯ್ತು" ಅನ್ನುತ್ತಾನೆ, ಪೂರ್ತಿ ತೊದಲದೆ.

ಐದೂ ಕಾಲು. ಕೀಲಿ ತಿರುವುತ್ತೇನೆ.
ಪಕ್ಕದ ಬಸ್ಸಿನವನು ಆಗಲೇ ಹಾರನ್ ಒತ್ತುತ್ತಿದ್ದಾನೆ.
ಮುಳ್ಳು ಏಳುತ್ತಿದೆ, ನಿಧಾನ.
ಏಳಲಿ.