ತೆಗೆ

ಶಿಡ್ಲಘಟ್ಟದ ಗೂಡು ಮಾರುಕಟ್ಟೆ, ಮಹಡಿ ಮೇಲಿನ ಕೋಣೆ,
ಒಂದು ಫ್ಯಾನು, ಎರಡು ಕಂಪ್ಯೂಟರು,
ಕಿಟಕಿಯಿಂದ ಬೆಂದ ಹುಳುವಿನ ವಾಸನೆ.
ನನ್ನ ಕೆಲಸ ಇಲ್ಲಿನ ಉಪಕರಣಗಳಿಗೆ ವಿವರಣೆ ಬರೆಯುವುದು.
ಓದುವವರು ಮನುಷ್ಯರಲ್ಲ.

ತೂಕ ಕೇಳಲು, ಹರಾಜು ಶುರು ಮಾಡಲು, ಚೀಟಿ ಕಳಿಸಲು
ಒಂದೊಂದಕ್ಕೂ ಒಂದು ಪುಟ್ಟ ಪ್ರೋಗ್ರಾಮು.
ಯಾವುದನ್ನು ಯಾವಾಗ ಕರೆಯಬೇಕೆಂದು
ನನ್ನ ನಾಲ್ಕು ಸಾಲು ಓದಿ ಅದು ನಿರ್ಧರಿಸುತ್ತದೆ.
ಅದಕ್ಕೆ ಏಜೆಂಟ್ ಅನ್ನುತ್ತಾರೆ.
ಕೆಳಗೆ ತಕ್ಕಡಿ ಹತ್ತಿರ ಪಿಳ್ಳಪ್ಪ ನಗುತ್ತಾನೆ:
"ದನದ ಸಂತೇಲಿ ಏಜೆಂಟು ಟವೆಲ್ಲಿನೊಳಗೆ
ಬೆರಳು ಹಿಡಿದು ದರ ಹೇಳೋನು.
ಇದಕ್ಕೆ ಬೆರಳೆಲ್ಲೈತಮ್ಮಾ?"

ಇಲ್ಲ. ಅದೇ ಕಷ್ಟ.

ಮಂಗಳವಾರ ಬರೆದಿದ್ದೆ:
ಈ ಉಪಕರಣ ಲಾಟ್ ತೆಗೆಯುತ್ತದೆ.
ಇಷ್ಟೇ. ಚುಟುಕಾಗಿದೆಯೆಂದು ಹಿಗ್ಗಿದ್ದೆ ಕೂಡ.
ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ
ರೀಲರ್ ಒಬ್ಬರು ಫೋನಿನಲ್ಲಿ ಅಂದರು:
ನೂರ ಹನ್ನೆರಡನೇ ಲಾಟ್ ತೆಗಿ, ನೋಡಬೇಕು.
ಅದು ತೆಗೆಯಿತು.
ಪಟ್ಟಿಯಿಂದ.

ದಿಬ್ಬೂರಹಳ್ಳಿಯಿಂದ ನಸುಕಿಗೇ ಬಂದ ಮುನಿನಾರಾಯಣಮ್ಮ
ತನ್ನ ಐವತ್ತೊಂದು ಕಿಲೋ ಪಕ್ಕದಲ್ಲೇ ನಿಂತಿದ್ದಾಳೆ.
ಜಾಲರಿಯಲ್ಲಿ ಗೂಡು ಇವೆ, ಪರದೆಯಲ್ಲಿ ಇಲ್ಲ.
"ಕಣ್ಣೆದುರಿಗೈತೆ, ಇಲ್ಲ ಅಂತೀರಲ್ಲ!"
ಗೂಡು ಕಾಯುವುದಿಲ್ಲ.
ಒಳಗಿನದು ರೆಕ್ಕೆ ಕಟ್ಟುತ್ತಿರುತ್ತದೆ,
ಕೊರೆದು ಬಂದರೆ ಎಳೆ ಹೋಯಿತು.

ತಪ್ಪು ಯಂತ್ರದ್ದು ಅಂದರು ಎಲ್ಲರೂ, ನನ್ನ ಮೇಲಿನ ಅಕ್ಕರೆಗೆ.
ನಾನು ಕೂತು ಲೆಕ್ಕ ಹಾಕಿದೆ.
ಬಾಗಿಲು ತೆಗೆ ಅಂದರೆ ತೆರೆ.
ಕಸ ತೆಗೆ ಅಂದರೆ ಬಿಸಾಡು.
ಫೋಟೋ ತೆಗೆ, ಸಾಲ ತೆಗೆ, ಜಗಳ ತೆಗೆ,
ಮಗುವಿಗೆ ದೃಷ್ಟಿ ತೆಗೆ.
ಒಂದೇ ಮಾತಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿದ್ದೇವೆ
ಯಾವ ತೆಗೆ ಎಂದು ಯಾರೂ ಕೇಳದೆ.

ಸಂಜೆ ಜೈಬುನ್ನೀಸಾ ಅವರ ನೂಲು ತೆಗೆಯುವ ಶೆಡ್ಡಿಗೆ ಹೋದೆ
(ನೋಡಿ, ಮತ್ತೆ).
ಬಾಂಡ್ಲಿಯ ಮುಂದೆ ಹೊಸ ಹುಡುಗಿ.
"ನೀರು ಎಷ್ಟು ಕಾಯಬೇಕು ಆಪಾ?"
"ಹದವಾಗಿ."
"ಹದ ಅಂದ್ರೆ?"
ಜೈಬುನ್ನೀಸಾ ತಮ್ಮ ಬೆರಳು ನೋಡಿಕೊಂಡರು,
ಮೂವತ್ತು ವರ್ಷ ಬಿಸಿನೀರಲ್ಲಿ ನೆನೆದು ಬಿಳುಚಿದ ಬೆರಳು.
ಬೆರಳಿಗೆ ಗೊತ್ತಿದೆ, ಬಾಯಿಗೆ ಗೊತ್ತಿಲ್ಲ.
ತುಂಬ ಹೊತ್ತಾದ ಮೇಲೆ:
"ತಳದಲ್ಲಿ ಸಾಸಿವೆಯಷ್ಟು ಗುಳ್ಳೆ ಏಳಬೇಕು, ಕುದೀಬಾರದು.
ಎಳೆ ಪದೇ ಪದೇ ಕಡಿದರೆ ಬೆಂದಿದ್ದು ಸಾಲದು.
ಗಂಟು ಗಂಟಾಗಿ ಬಂದರೆ ಜಾಸ್ತಿ ಆಯ್ತು.
ಆವಾಗ ನೀನಾಗಿ ಏನೂ ಮಾಡಬೇಡ, ನನ್ನ ಕರಿ."

ಹಳೇ ಹರಾಜು ಚೀಟಿಯ ಹಿಂದೆ ಬರೆದುಕೊಂಡೆ.
ರಾತ್ರಿ ನನ್ನ ಸಾಲು ಅಳಿಸಿ, ಒಂದನ್ನು ಎರಡು ಮಾಡಿ:

ಲಾಟ್ ತೋರಿಸು: ವಿವರ ಓದಲು ಮಾತ್ರ. ಏನನ್ನೂ ಬದಲಿಸುವುದಿಲ್ಲ.
ತೂಕ ಕಿಲೋದಲ್ಲಿ, ಗ್ರಾಂನಲ್ಲಿ ಅಲ್ಲ.
ಸೊನ್ನೆ ಬಂದರೆ ಗೂಡು ಇಲ್ಲವೆಂದಲ್ಲ,
ತಕ್ಕಡಿ ಆಫ್ ಆಗಿರಬಹುದು.
ಲಾಟ್ ಅಳಿಸು: ಹೋದದ್ದು ಹೋಯಿತು, ವಾಪಸ್ ಬರದು.
ಗೂಡು ತಂದವರೇ ಕೇಳಿದರೆ ಮಾತ್ರ.
ಯಾರಾದರೂ 'ತೆಗೆ' ಅಂದರೆ ಯಾವ ತೆಗೆ ಎಂದು ಕೇಳು.
ತಿಳಿಯದಿದ್ದರೆ ನಿಲ್ಲು. ಕೆಳಗೆ ಪಿಳ್ಳಪ್ಪ ಇದ್ದಾನೆ.

ಮನೆಗೆ ಬಂದು ಕದ ತಟ್ಟಿ ತೆಗಿ ಅಂದೆ.
ತಂಗಿ ತೆಗೆದಳು.
ಎಷ್ಟು ಸಲೀಸು.

ಅಂದಹಾಗೆ, ಆ ಲಾಟನ್ನು ಕೈಯಲ್ಲೇ ಮತ್ತೆ ಸೇರಿಸುವಷ್ಟರಲ್ಲಿ
ಒಳ್ಳೆ ರೀಲರುಗಳು ಹೊರಟುಹೋಗಿದ್ದರು.
ಕಿಲೋಗೆ ಹದಿನೆಂಟು ರೂಪಾಯಿ ಕಡಿಮೆಗೆ ಹೋಯಿತು.
ಆ ಹದಿನೆಂಟನ್ನು ಬರೆಯಲು
ಯಾವ ವಿವರಣೆಯಲ್ಲೂ ಜಾಗವಿಲ್ಲ.
ಉದಾಹರಣೆ ಎಂಬಲ್ಲಿ ಎಲ್ಲರೂ
ಒಂದು, ಎರಡು, ಮೂರು ಅಂತ ಹಾಕುತ್ತಾರೆ.
ನಾನು ನೂರ ಹನ್ನೆರಡು ಅಂತ ಹಾಕಿದೆ.